ಎಡಗೈಯ ಗೊರಸುಕತ್ತಿ

"ನಿನ್ನಪ್ಪಂದೇನೇ ಅದು, ಮುಂಡೇದೆ? ಹಾಕು ಚೀಲಕ್ಕೆ."

"ಹೌದು, ನಮ್ಮಪ್ಪಂದೇ," ಎಂದಳು ನನ್ನ ಹೆಂಡತಿ.

ಅವಳು ಹೇಳಿದ್ದು ನಿಜ. ಧಣಿಯ ಮೇಸ್ತ್ರಿ ಅದನ್ನು ಎದುರುಮಾತು ಎಂದುಕೊಂಡ. ಅವನ ಗೋಣಿಚೀಲದೊಳಗೆ ಆಗಲೇ ಧಣಿಯ ಕುರಿ ನೋಡಿಕೊಳ್ಳುವ ನಮ್ಮ ಸಾಲುಮನೆಯವರ ಉಣ್ಣೆ ಕತ್ತರಿಗಳು, ಕುರಿಯ ಕಿವಿಗೆ ಗುರುತು ಹಾಕುವ ಚಿಮಟ, ಓಡುವ ಕುರಿಯ ಕಾಲಿಗೆ ಸಿಕ್ಕಿಸಿ ಎಳೆಯುವ ಕೊಕ್ಕೆಗೋಲು ಎಲ್ಲ ಬಿದ್ದಿದ್ದವು. ಉಣ್ಣೆಗೆ ಮೆಷಿನ್ ಬಂದಿತ್ತು, ಗೊರಸಿಗೂ ಬಂದಿತ್ತು. ಹಳೆಯದೆಲ್ಲ ಧಣಿಗೆ ಬೇಕಂತೆ. ಯಾಕೆ ಅಂತ ನಾವು ಕೇಳಲಿಲ್ಲ.

ಅವಳ ಕೈಯಲ್ಲಿದ್ದದ್ದು ಗೇಣುದ್ದವೂ ಇಲ್ಲದ ಗೊರಸುಕತ್ತಿ. ಗೊರಸಿನ ಸಂದಿಯಲ್ಲಿ ಕೊಳೆತದ್ದನ್ನು ಕೆರೆದು ತೆಗೆಯಲು ತುದಿ ಉಗುರಿನ ಹಾಗೆ ಬಾಗಿರುತ್ತದೆ. ಅವಳಪ್ಪ ಎಡಚ, ಇವಳೂ ಎಡಚಿ. ಅದಕ್ಕೇ ಕಮ್ಮಾರ ಎಲ್ಲರ ಕತ್ತಿಗಿಂತ ಉಲ್ಟಾ ಬಾಗಿಸಿ ಕೊಟ್ಟಿದ್ದ. ಇಬ್ಬರ ಹೆಬ್ಬೆರಳೂ ಐವತ್ತು ವರ್ಷ ಒತ್ತಿ ಒತ್ತಿ ಮರದ ಹಿಡಿಯಲ್ಲಿ ಗುಳಿ ಬಿದ್ದಿತ್ತು. ನಾನು ಹಿಡಿದರೆ ಗುಳಿ ಎಲ್ಲೋ, ನನ್ನ ಬೆರಳೆಲ್ಲೋ.

ಅವಳು ನನ್ನ ಮುಖ ನೋಡಿದಳು.

"ಕೊಟ್ಟುಬಿಡು," ಎಂದೆ.

ಕೊಟ್ಟಳು. ಆಮೇಲೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಮಳೆ ಹಿಡಿಯಿತು. ದೊಡ್ಡಿಯ ನೆಲ ಕೆಸರಾಗಿ ಕುರಿಗಳ ಗೊರಸು ಕೊಳೆಯತೊಡಗಿತು. ಮೇಸ್ತ್ರಿ ಮೆಷಿನ್ ಹಿಡಿದು ತಾನೇ ಉಜ್ಜಿದ. ಮೇಲಿನ ಗೊರಸು ಸವೆದು ರಕ್ತ ಬಂತು, ಸುಟ್ಟ ವಾಸನೆ ಬಂತು. ಸಂದಿಯ ಕೀವು ಸಂದಿಯಲ್ಲೇ ಉಳಿಯಿತು. ಮೂರು ಕುರಿಗಳು ಮೊಣಕಾಲೂರಿಕೊಂಡು ಮೇಯುತ್ತಿದ್ದವು. ನಾಲ್ಕನೆಯದು, ಗಬ್ಬದ ಕುರಿ, ಏಳಲೇ ಇಲ್ಲ.

"ನಿಮ್ಮ ಕೈಗುಣನೇ ದರಿದ್ರ ಕಣೋ ಮುದುಕಾ," ಎಂದು ಮೇಸ್ತ್ರಿ ಅದನ್ನು ಕಾಲಲ್ಲಿ ತಿವಿದ. "ನಾಳೆ ಬೆಳಗ್ಗೆ ಇದು ಎದ್ದು ನಿಂತಿರ್ಬೇಕು. ಇಲ್ಲಾಂದ್ರೆ ಗಂಡ ಹೆಂಡ್ತಿ ಚಾಪೆ ಸುತ್ಕೊಂಡು ಮನೆ ಖಾಲಿ ಮಾಡಿ."

"ನನ್ ಕತ್ತಿ ಕೊಡಿ. ಒಂದು ಗಳಿಗೆ ಸಾಕು," ಎಂದಳು ಇವಳು.

"ಹೋಗು, ಧಣಿ ಹತ್ರ ಕೇಳು. ಮೆಟ್ಟಲ್ಲಿ ಕೊಡ್ತಾರೆ."

ಆವತ್ತು ಧಣಿಯ ಮನೆಗೆ ನೆಂಟರು ಊಟಕ್ಕೆ ಬರುವವರಿದ್ದರು. ಕುರ್ಚಿ ಹೊರಲು ನನ್ನನ್ನು ಕರೆದರು. ನಡುಮನೆಯ ಬಿಳಿ ಗೋಡೆಯ ಮೇಲೆ ಗಾಜಿನ ಪೆಟ್ಟಿಗೆ, ಅದರೊಳಗೆ ನಮ್ಮ ಸಾಮಾನು. ಕತ್ತರಿಗಳಿಗೆ ವಾರ್ನಿಷ್ ಬಳಿದಿದ್ದರು. ನಟ್ಟನಡುವೆ ಅವಳ ಕತ್ತಿ. ಕೆಳಗೊಂದು ಹಿತ್ತಾಳೆ ತಗಡು. ನಾನು ಶಾಲೆಗೆ ಹೋದದ್ದು ಎರಡೇ ಮಳೆಗಾಲ. ಅಕ್ಷರ ಅಕ್ಷರ ಕೂಡಿಸಿಕೊಂಡು ಓದಿದೆ. 'ನಮ್ಮ ತಾತನವರು ಕೈಯಾರೆ ಬಳಸಿದ ಉಪಕರಣಗಳು.'

ಓದಿದ್ದೇ ತಪ್ಪಿರಬೇಕೆಂದು ಮತ್ತೊಮ್ಮೆ ಓದಿದೆ.

ಆ ತಾತನನ್ನು ನಾನು ಕಂಡವನು. ಕುರಿ ಹತ್ತಿರ ಬಂದರೆ ಮೂಗಿಗೆ ಬಟ್ಟೆ ಹಿಡಿಯುತ್ತಿದ್ದ. ಪೆಟ್ಟಿಗೆಯ ಮೇಲುಗಡೆಯೇ ಅವನ ಪಟವಿತ್ತು, ಬಲಗೈಯಲ್ಲಿ ಪೆನ್ನು ಹಿಡಿದು ಕೂತದ್ದು.

ದೊಡ್ಡಿಗೆ ಬಂದು ಹೇಳಿದೆ. ಇವಳು ಕೇಳಿಸಿಕೊಂಡು ಸೆರಗು ಬಿಗಿದಳು.

"ಹಿಂಗಾಲು ಹಿಡ್ಕೊಳ್ಳಿ."

"ಎಲ್ಲಿಗೆ?"

"ಕತ್ತಿ ಇರೋ ಕಡೆಗೆ."

ಗಬ್ಬದ ಕುರಿಯನ್ನು ಗೋಣಿಯ ಮೇಲೆ ಹಾಕಿ ಇಬ್ಬರೂ ಎತ್ತಿಕೊಂಡೆವು. ನಾವು ನಡುಮನೆಗೆ ಹೊಕ್ಕಾಗ ಪೆಟ್ಟಿಗೆಯ ಬಾಗಿಲು ತೆರೆದಿತ್ತು. ಧಣಿ ಕತ್ತಿಯನ್ನು ಬಲಗೈಯಲ್ಲಿ ಹಿಡಿದು ನೆಂಟರಿಗೆ ತೋರಿಸುತ್ತಿದ್ದ.

"ತಾತ ಹೀಗೆ ಹಿಡಿದು ಹೀಗೆ ಕೆರೀತಿದ್ರು..."

"ಧಣಿ, ನಿಮ್ ತಾತ ಎಡಚರಾ?" ಎಂದಳು ಇವಳು.

"ಯಾವಳೇ ನೀನು? ಯಾರೇ ಒಳಗೆ ಬಿಟ್ಟೋರು? ಮೇಸ್ತ್ರೀ!"

"ಅದು ಎಡಗೈದು. ನೀವು ಹಿಡ್ದಿರೋ ಹಾಗೆ ಹಿಡಿದ್ರೆ ನಿಮ್ ಬೆರಳನ್ನೇ ಕೆರೆಯುತ್ತೆ."

ನೆಂಟರಲ್ಲೊಬ್ಬ ಹೆಂಗಸು ಬಗ್ಗಿ ಹಿಡಿಯನ್ನು ನೋಡಿದಳು. "ಹೌದಲ್ಲಾ. ಎಡಚರಾಗಿದ್ರಾ ನಿಮ್ ತಾತ?"

"ಹ್ಞೂಂ... ಎಡಚರೇ," ಎಂದ ಧಣಿ.

ಆ ಹೆಂಗಸಿನ ಕಣ್ಣು ಪಟದ ಮೇಲಕ್ಕೆ ಹೋಯಿತು. ಒಬ್ಬೊಬ್ಬರಾಗಿ ಎಲ್ಲರೂ ಅತ್ತ ನೋಡಿದರು. ಪಟದಲ್ಲಿ ಪೆನ್ನು ಬಲಗೈಯಲ್ಲೇ ಇತ್ತು.

ಇವಳು ಧಣಿಯ ಕೈಯಿಂದ ಕತ್ತಿ ತೆಗೆದುಕೊಂಡಳು. ಹೆಬ್ಬೆರಳು ತಾನಾಗಿ ಗುಳಿಯಲ್ಲಿ ಕೂತಿತು. ಜಮಖಾನದ ಮೇಲೆ ಕುಕ್ಕರಿಸಿ, ಕುರಿಯ ಕಾಲನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಒಂದೇ ಎಳೆತಕ್ಕೆ ಸಂದಿ ಬಿಡಿಸಿದಳು. ಕಪ್ಪು ಕೀವು ಚಿಮ್ಮಿತು. ನಾತಕ್ಕೆ ನೆಂಟರು ಗೋಡೆಗೆ ಒತ್ತಿಕೊಂಡರು. ಧಣಿ ಮೂಗಿಗೆ ಬಟ್ಟೆ ಹಿಡಿದ.

ಮೇಸ್ತ್ರಿ ಓಡಿ ಬಂದ. "ಇಡೇ ಕೆಳಗೆ, ರಂಡೆ!"

"ಅರ್ಧ ಕೆರೆದು ಏಳೋದನ್ನ ನಮ್ಮಪ್ಪ ಕಲಿಸಿಲ್ಲ. ನಿಂತ್ಕೋ."

ಅವನು ನಿಂತ. ಇವಳ ಕೈಯಲ್ಲಿ ಕತ್ತಿಯಿತ್ತಲ್ಲ.

ಕುರಿ ಒದ್ದಾಡಿ ಮೂರು ಕಾಲಿನ ಮೇಲೆ ಎದ್ದಿತು. ನಾಲ್ಕನೆಯದನ್ನು ಮೆಲ್ಲಗೆ ನೆಲಕ್ಕೆ ಮುಟ್ಟಿಸಿ ನೋಡಿತು, ಎತ್ತಿತು, ಮತ್ತೆ ಊರಿತು.

"ಕತ್ತಿ ಕೊಡು," ಮೇಸ್ತ್ರಿ ಅಂಗೈ ಚಾಚಿ ನನ್ನ ಕಡೆ ತಿರುಗಿದ. "ಲೋ ಮುದುಕಾ, ಹೇಳೋ ನಿನ್ ಹೆಂಡ್ತಿಗೆ!"

ಅವಳೂ ನನ್ನ ಮುಖ ನೋಡಿದಳು.

ನಾನು ಬಗ್ಗಿ, ದೊಡ್ಡಿಗೆ ನಡೆಸಲು ಕುರಿಯ ಕೊರಳಿಗೆ ಕೈ ಹಾಕಿದೆ.

ಇವಳು ಕತ್ತಿಯನ್ನು ಕುರಿಯ ಬೆನ್ನಿಗೆ ಒರೆಸಿ ಸೊಂಟಕ್ಕೆ ಸಿಕ್ಕಿಸಿದಳು. ಜಮಖಾನದ ಮೇಲೆ ಬಿದ್ದಿದ್ದ ಕೊಳೆತ ಗೊರಸಿನ ಚೂರನ್ನು ಆರಿಸಿ ಮೇಸ್ತ್ರಿಯ ಅಂಗೈಯಲ್ಲಿಟ್ಟಳು.

"ಇದನ್ನ ಗಾಜಿನೊಳಗೆ ಇಡಿ. ಇದು ನಿಮ್ದೇ."

ಮತ್ತೆ ನನಗೆ, "ಇನ್ನೂ ಮೂರು ಕುರಿ ಇವೆ, ನಡೀರಿ," ಎಂದಳು.