ಭುಜದಿಂದ ಬೆರಳಿಗೆ

ಹಾಸ್ಟೆಲಿನಲ್ಲಿ ಅವಳಿಗೆ ರೇಡಿಯೋ ಅಂತ ಹೆಸರಿಟ್ಟವಳು ಕೋಣೆಯ ಜೊತೆಗಾತಿ. ಆ ಜೊತೆಗಾತಿ ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರವಿದ್ದುದರಿಂದ ಎಲ್ಲರೂ ಅವಳನ್ನು ಏಣಿ ಅನ್ನುತ್ತಿದ್ದರು. ತನಗೊಂದು ಅಡ್ಡಹೆಸರು ಅಂಟಿದ ಮೇಲೆ ಪಕ್ಕದ ಹಾಸಿಗೆಯವಳಿಗೆ ಇನ್ನೊಂದು ಅಂಟಿಸದೆ ಬಿಟ್ಟಾಳೆಯೇ.

"ಬೆಳಗಾಯ್ತು, ಸ್ಟೇಷನ್ ಶುರು," ಎಂದು ಏಣಿ ಹೊದಿಕೆಯೊಳಗಿಂದಲೇ ಗೊಣಗುವಳು. "ಸದ್ದು ಕಡಿಮೆ ಮಾಡೋ ಗುಂಡಿ ಎಲ್ಲಿದೆಯೇ ನಿನಗೆ?"

"ಬಾಯಿ ಬಿಟ್ಟು ಹೇಳದೆ ನನಗೆ ತಲೆಗೆ ಹೋಗಲ್ಲ ಕಣೆ."

ಅದು ನಿಜ. ಅವಳಪ್ಪ ದರ್ಜಿ. ರಸ್ತೆಗೆ ತೆರೆದುಕೊಂಡ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಅದರ ಹಿಂದೆ ಮನೆ. ಅಪ್ಪ ಬೆಳಿಗ್ಗೆ ದೇವರಿಗೆ ಕೈಮುಗಿದು ಯಂತ್ರದ ಮುಂದೆ ಕೂತರೆ ಕಾಲು ಆಡಿದಷ್ಟು ಹೊತ್ತೂ ಬಾಯಿ ಪದ್ಯ ಹೇಳುತ್ತಿತ್ತು. ಅವನಮ್ಮನಿಂದ ಕೇಳಿ ಕಲಿತದ್ದು, ಆ ಅಜ್ಜಿ ತನ್ನಪ್ಪನಿಂದ. ಯಂತ್ರದ ಕೆಳಗೆ ತುಂಡುಬಟ್ಟೆಯ ರಾಶಿಯ ಮೇಲೆ ಕೂತು ಇವಳು ಕೇಳುವಳು. ಓದು ಬರುವ ಮೊದಲೇ ಅಷ್ಟೂ ಬಾಯಿಗೆ ಬಂದಿತ್ತು. ಮಗ್ಗಿ, ಭೂಗೋಳ, ರಸಾಯನದ ಸೂತ್ರ, ಏನೇ ಇರಲಿ ರಾಗಕ್ಕೆ ಕೂರಿಸಿ ಒಪ್ಪಿಸಿಯೇ ಅವಳು ಪ್ರತಿ ತರಗತಿಯಲ್ಲೂ ಮೇಲೆ ಬಂದದ್ದು. ವಿಶ್ವವಿದ್ಯಾಲಯದ ದೊಡ್ಡ ಗೇಟು ದಾಟಿ ಒಳಗೆ ಬಂದದ್ದೂ ಹಾಗೆಯೇ.

ಇಲ್ಲಿ ವೈದ್ಯಕೀಯಕ್ಕೆ ಸೇರುವ ಮುಂಚೆ ಒಂದು ತಯಾರಿ ವರ್ಷ. ವರ್ಷದ ಕೊನೆಗೆ ಅಂಗರಚನೆಯ ಪರೀಕ್ಷೆ. ಅದರಲ್ಲಿ ಗೆದ್ದವರು ವೈದ್ಯರಾಗಲು ಹೋಗುತ್ತಾರೆ. ಸೋತವರನ್ನು ವಿಶ್ವವಿದ್ಯಾಲಯ ಬೇರಾವುದೋ ವಿಭಾಗಕ್ಕೆ ಕಳಿಸುತ್ತದೆ. ಎರಡನೇ ಸಲ ಬರೆಯುವ ಮಾತಿಲ್ಲ.

ಮೊದಲ ರಜೆಗೆ ಅವಳು ಆ ದಪ್ಪ ಪುಸ್ತಕವನ್ನು ಎದೆಗವುಚಿಕೊಂಡು ಮನೆಗೆ ಬಂದಿದ್ದಳು. ಈ ವರ್ಷಕ್ಕೆ ತೋಳು ಮಾತ್ರ. ಆದರೆ ತೋಳು ಒಂದರಲ್ಲೇ ಅಷ್ಟು ಮೂಳೆ, ಅಷ್ಟು ನರ, ಅಷ್ಟು ನಾಳ. ಬಾಯಲ್ಲಿ ನಿಲ್ಲದ ಪರದೇಶದ ಹೆಸರುಗಳು.

"ಒಂದೊಂದೇ ಹೇಳು ನೋಡೋಣ," ಅಂದಿದ್ದ ಅಪ್ಪ, ಸೂಜಿಗೆ ದಾರ ಪೋಣಿಸುತ್ತ. "ತೋಳು ಅಂದ್ರೆ ನನಗೂ ಸ್ವಲ್ಪ ಗೊತ್ತು. ಭುಜ, ಮೊಣಕೈ, ಮಣಿಕಟ್ಟು. ಮೇಲಿಂದ ಇಳಿಸಿದ್ರೆ ಬಟ್ಟೆ ಕೂರುತ್ತೆ."

ಅವಳು ಹೆಸರು ಹೇಳಿದಳು, ಅಪ್ಪ ಯಂತ್ರ ತುಳಿಯುತ್ತ ಪದ್ಯ ಕಟ್ಟಿದ.

ಹೆಗಲಿನ ಮೂಳೆಯ ಕೆಳಗಡೆ ಹೊರಟಿತು
ಬಗಲಲಿ ನಡೆಯುವ ನೆತ್ತರ ನಾಳ
ಮುಗಿಯಿತು ತೋಳೆನೆ ಮೊಣಕೈ ಬಳಿಯಲಿ
ಅಗಲಿತು ಅಲ್ಲೇ ಎರಡಾಗಿ

ಒಂದು ಪದ್ಯ ಯಾವ ಮಾತಿಗೆ ಮುಗಿಯುತ್ತದೋ ಅದೇ ಮಾತಿನಿಂದ ಮುಂದಿನದು ಶುರು. 'ಎರಡಾಗಿ' ಎಂದು ನಿಂತರೆ 'ಎರಡಾಗಿ' ಎಂದೇ ಹೊರಡಬೇಕು. ಅವರ ಮನೆಯ ಪದ್ಯಗಳೆಲ್ಲ ಹಾಗೇ. ಕೊಂಡಿಗೆ ಕೊಂಡಿ ಸಿಕ್ಕಿಸಿದರೆ ಮರೆಯುವ ಭಯವಿಲ್ಲ ಎಂದು ಅಪ್ಪನ ನಂಬಿಕೆ. ರಜೆ ಮುಗಿಯುವ ಹೊತ್ತಿಗೆ ಭುಜದಿಂದ ಬೆರಳತುದಿಯವರೆಗೆ ಇಡೀ ತೋಳು ಪದ್ಯವಾಗಿ ಇಳಿದಿತ್ತು. ಬಟ್ಟೆಗೆಂದು ಬಂದವರನ್ನೆಲ್ಲ ಅಪ್ಪ ನಿಲ್ಲಿಸಿಕೊಂಡು ಕೇಳಿಸಿದ. "ಅಂಗಿ ನಾಳೆ ಕೊಡ್ತೀನಿ, ಇವತ್ತು ಒಳಗಿನ ತೋಳು ಕೇಳ್ಕೊಂಡು ಹೋಗಿ."

ಪರೀಕ್ಷೆಗೆ ಮುನ್ನ ಒಂದು ಅಭ್ಯಾಸದ ಪರೀಕ್ಷೆ ಇರುತ್ತದೆ. ಅಂದು ಉದ್ದನೆಯ ಹಾಲಿನಲ್ಲಿ ಕಬ್ಬಿಣದ ಮೇಜುಗಳ ಸಾಲು. ಪ್ರತಿ ಮೇಜಿನ ಮೇಲೂ ತಟ್ಟೆಯಲ್ಲಿ ಮದ್ದುನೀರಿನ ವಾಸನೆ ಹೊಡೆಯುವ ಒಂದೊಂದು ತೋಳು, ಇಲ್ಲವೆ ಮೂಳೆ. ಅದರ ಯಾವುದೋ ಒಂದು ಕಡೆ ಕೆಂಪು ತಲೆಯ ಗುಂಡುಸೂಜಿ ಚುಚ್ಚಿರುತ್ತಾರೆ. ಸೂಜಿ ಚುಚ್ಚಿದ್ದು ಏನು ಅಂತ ತನ್ನ ಹೆಸರಿರುವ ಚೀಟಿಯಲ್ಲಿ ಬರೆದು ಮೇಜಿನ ಮೇಲಿನ ಡಬ್ಬಿಗೆ ಹಾಕಬೇಕು. ಗಂಟೆ ಬಾರಿಸಿದರೆ ಮುಂದಿನ ಮೇಜು.

ಅವಳು ಮೊದಲ ಮೇಜಿನ ಮುಂದೆ ನಿಂತಳು. ಮಣಿಕಟ್ಟಿನ ಒಂದು ಪುಟ್ಟ ಮೂಳೆಗೆ ಸೂಜಿ. ನೋಡಿದೊಡನೆ ತುಟಿ ತಾನಾಗಿ ಆಡತೊಡಗಿತು. ಹೆಗಲಿನ ಮೂಳೆಯ ಕೆಳಗಡೆ ಹೊರಟಿತು... ಗಂಟೆ ಹೊಡೆಯಿತು. ಚೀಟಿ ಖಾಲಿ.

ಕೊನೆಯ ಮೇಜಿನವರೆಗೂ ಹೀಗೇ ಆಯಿತು. ಕಲಿಸುವ ಮೇಡಂ ಡಬ್ಬಿಗಳನ್ನು ತೆಗೆದು ನೋಡಿ, ಅವಳನ್ನು ಮಣಿಕಟ್ಟಿನ ಮೇಜಿಗೇ ಮತ್ತೆ ಕರೆದರು.

"ಗಂಟೆ ಇಲ್ಲ, ಏನಿಲ್ಲ. ನಿಧಾನವಾಗಿ ಹೇಳು. ಇದೇನು?"

ಅವಳ ತುಟಿ ಆಡಿತು. ಮೇಡಂ ಕಾದರು. ಹಿಂದೆ ಹುಡುಗರು ಒಬ್ಬರನ್ನೊಬ್ಬರು ನೋಡಿಕೊಂಡರು.

"ಈಗ ಎಲ್ಲಿದ್ದೀಯಮ್ಮ?"

"ಮೊಣಕೈಯಲ್ಲಿ ಮೇಡಂ."

ಹಾಲಿನ ತುಂಬ ನಗು. ಮೇಡಂ ಕೂಡ ನಗು ತಡೆದುಕೊಂಡರು. ಆಮೇಲೆ ನಗದೆ ಕೇಳಿದರು, "ಒಬ್ಬನ ಕೈ ಕೊಯ್ದು ರಕ್ತ ಚಿಮ್ತಾ ಇರುತ್ತೆ. ಯಾವ ನಾಳ ಅಂತ ಪಕ್ಕದವರು ಕೇಳ್ತಾರೆ. ಆವಾಗಲೂ ಹೆಗಲಿಂದ ಹೊರಡ್ತೀಯಾ?"

ಅವಳು ತಲೆ ತಗ್ಗಿಸಿದಳು. ಬೈದಿದ್ದರೆ ಸಿಟ್ಟಾದರೂ ಬರುತ್ತಿತ್ತು. ಮೇಡಂ ಹೇಳಿದ್ದು ಸರಿಯಾಗಿತ್ತು.

ಅಂದಿನಿಂದ ಏಣಿ ಟೊಂಕ ಕಟ್ಟಿ ನಿಂತಳು. ಊಟದ ಸಾಲಿನಲ್ಲಿ, ಮೆಟ್ಟಿಲ ಮೇಲೆ, ಬಟ್ಟೆ ಒಣಹಾಕುವಾಗ, ತನ್ನ ಉದ್ದ ತೋಳನ್ನು ಮುಂದೆ ಚಾಚಿ ಎಲ್ಲೋ ಒಂದು ಕಡೆ ಬೆರಳಿಡುವಳು. "ಇದೇನು? ಬೇಗ. ಹೇಳು."

ತುಟಿ ಆಡುವುದು.

"ಹೊರಟಳು ಮಹಾತಾಯಿ. ಲೇ, ನಾನು ಬೆರಳಿಟ್ಟಿರೋದು ಇಲ್ಲಿ. ನೀನ್ಯಾಕೆ ಅಷ್ಟು ಮೇಲಿಂದ ನಡ್ಕೊಂಡು ಬರ್ತೀಯ, ಸೀದಾ ಇಲ್ಲೇ ಇಳಿ."

"ಇಳಿಯೋಕೆ ಬಾಗಿಲಿಲ್ಲ ಕಣೆ," ಅಂದಳು ಅವಳು. "ನಡುವಿನ ಪದ್ಯದ ಮೊದಲ ಮಾತು ಹಿಂದಿನ ಪದ್ಯದ ಬಾಲದಲ್ಲಿದೆ. ಅದರದ್ದು ಅದರ ಹಿಂದಿನದರಲ್ಲಿ."

"ಹಾಗಾದ್ರೆ ಪದ್ಯ ಮರೆತುಬಿಡು. ಹೊಸದಾಗಿ ಓದು."

ಅದನ್ನೂ ಮಾಡಿದಳು. ಬಾಯಿಗೆ ಕೈ ಅಡ್ಡ ಹಿಡಿದು ಗ್ರಂಥಾಲಯದ ಮೂಲೆಯಲ್ಲಿ ಬರೀ ಕಣ್ಣಿನಿಂದ ಓದಿದಳು. ಹಾಳೆಯ ಮೇಲೆ ಕಂಡದ್ದು ಹಾಳೆಯ ಮೇಲೆಯೇ ಉಳಿಯಿತು. ಚಿತ್ರ ಬರೆದಳು, ಬಣ್ಣ ಹಚ್ಚಿದಳು. ಪುಸ್ತಕ ಮುಚ್ಚಿದರೆ ಒಳಗೆ ಅಪ್ಪನ ದನಿ ಮಾತ್ರ, ಯಂತ್ರದ ಸದ್ದಿನ ಸಮೇತ. ಉಳಿದ ಮಕ್ಕಳು ನೆನಪು ಕೊಡಪ್ಪಾ ಎಂದು ಬೇಡುವಾಗ ಅವಳು ಕಿಟಕಿಗೆ ಮುಖ ಮಾಡಿ ಕೂತು, ದೇವರೇ, ನನಗೊಂದು ಚೂರು ಮರೆವು ಕೊಡು ಎಂದು ಬೇಡಿದಳು. ಆಮೇಲೆ ಹಾಗೆ ಬೇಡಿದ್ದಕ್ಕೆ ಹೆದರಿ ಕೆನ್ನೆ ಬಡಿದುಕೊಂಡಳು.

ಪರೀಕ್ಷೆ ಹತ್ತಿರ ಬಂದಾಗ ಮನೆಗೆ ಹೋದಳು. ಅಪ್ಪ ಯಾರದೋ ಕೋಟಿಗೆ ಕಾಲರು ಕೂರಿಸುತ್ತಿದ್ದ. ಕೋಟಿನ ಯಜಮಾನರು ಸ್ಟೂಲಿನ ಮೇಲೆ ಕಾಯುತ್ತಿದ್ದರು.

"ಬಂದಳು ನೋಡಿ ಡಾಕ್ಟರು," ಅಂದ ಅಪ್ಪ. "ಇವರಿಗೆ ಯಾವಾಗಲೂ ಹೆಗಲು ನೋವಂತೆ. ಶುರು ಮಾಡು, ಹೆಗಲಿಂದಲೇ ಇದೆಯಲ್ಲ."

"ನನ್ನ ನೋವು ಪದ್ಯ ಕೇಳಿದ್ರೆ ಹೋಗುತ್ತೇನಪ್ಪ?"

"ಹೋಗಲ್ಲ. ಆದ್ರೆ ಅದು ಯಾವ ದಾರಿಲಿ ಹೋಗ್ತಾ ಇದೆ ಅಂತ ಗೊತ್ತಾಗುತ್ತೆ."

ಅವಳು ಹೇಳಲಿಲ್ಲ. ಕೋಟಿನವರು ಹೋಗುವವರೆಗೆ ಕಾದು ಅಪ್ಪನ ಎದುರು ಕೂತಳು.

"ಅಪ್ಪ, ಮಣಿಕಟ್ಟಿನ ಪದ್ಯ ಇದೆಯಲ್ಲ, ಅದೊಂದೇ ಹೇಳು. ಬೇರೆ ಯಾವುದೂ ಬೇಡ."

"ಅದೇನು ಮಹಾ," ಎಂದು ಅಪ್ಪ ಬಾಯಿ ತೆರೆದ. ತೆರೆದ ಬಾಯಿ ಹಾಗೇ ನಿಂತಿತು. ಕಾಲು ತುಳಿದ, ನಿಲ್ಲಿಸಿದ. ಕಣ್ಣು ಮುಚ್ಚಿದ. ಆಮೇಲೆ ನಕ್ಕುಬಿಟ್ಟ. "ಒಬ್ಬನೇ ಬಾ ಅಂದ್ರೆ ಹೇಗೆ ಬರ್ತಾನಮ್ಮ? ಅವನ ಮನೆಯವರೆಲ್ಲ ಜೊತೆಗೇ ಹೊರಡ್ತಾರೆ."

ಅವಳು ನಗಲಿಲ್ಲ. ಅಪ್ಪನ ನಗು ಅರ್ಧಕ್ಕೆ ಬಂದು ಅಲ್ಲೇ ಕೂತಿತು.

"ಯಾಕೆ, ಏನಾದ್ರೂ ತೊಂದ್ರೆನಾ?"

"ಇಲ್ಲಪ್ಪ. ಸುಮ್ಮನೆ ಕೇಳಿದೆ."

ಅಮ್ಮ ಒಳಗಿನಿಂದ ಕೇಳಿಸಿಕೊಂಡಿದ್ದಳು. ಬಸ್ಸಿನವರೆಗೆ ಕಳಿಸಲು ಬಂದವಳು ಬಸ್ಸು ಕಂಡಾಗ ಕೇಳಿದಳು. "ಬೇರೆ ಥರ ಕಲಿಯೋಕೆ ಆಗಲ್ವೇನೆ?"

"ನೋಡ್ತಾ ಇದೀನಮ್ಮ."

"ಅಪ್ಪನಿಗೆ ನಾನು ಹೇಳಲಾ?"

"ಬೇಡ. ತನ್ನಿಂದಲೇ ಆಯ್ತು ಅಂದ್ಕೊತಾನೆ."

ಅಮ್ಮ ಅವಳ ಚೀಲದ ಪಟ್ಟಿಯನ್ನು ಹೆಗಲ ಮೇಲೆ ಸರಿಮಾಡಿದಳು. ಸರಿಯಾಗಿಯೇ ಇದ್ದ ಪಟ್ಟಿಯನ್ನು ಇನ್ನೊಮ್ಮೆ ಸರಿಮಾಡಿದಳು.

ಪರೀಕ್ಷೆಯ ದಿನ ಮೊದಲ ಮೇಜಿನ ಸೂಜಿ ಹೆಗಲಿನಲ್ಲೇ ಇತ್ತು. ಪದ್ಯದ ಮೊದಲ ಮಾತೇ ಉತ್ತರ. ಅವಳು ಬರೆದು ಡಬ್ಬಿಗೆ ಹಾಕಿದಳು. ಒಂದಿಷ್ಟು ಆಸೆ ಹುಟ್ಟಿತು. ಎರಡನೇ ಮೇಜಿನಲ್ಲಿ ಅಂಗೈಯ ನರ. ಅವಳು ಹಲ್ಲು ಕಚ್ಚಿ, ಪದ್ಯ ಬೇಡ, ಬರೀ ಹೆಸರು ಬಾ ಎಂದು ಒಳಗೇ ಕರೆದಳು. ಯಾರೂ ಬರಲಿಲ್ಲ. ಬೇರೆ ದಾರಿಯಿಲ್ಲದೆ ಹೆಗಲಿಗೆ ಓಡಿದಳು, ಅಲ್ಲಿಂದ ಇಳಿಯತೊಡಗಿದಳು. ಎರಡಾಗಿ ಎನ್ನುವಷ್ಟರಲ್ಲಿ ಗಂಟೆ.

ಮೂರನೇ ಮೇಜಿಗೆ ಕಾಲು ಹೋಯಿತು, ಬಾಯಿ ನಿಲ್ಲಲಿಲ್ಲ. ಎದುರಿಗೆ ಮೊಣಕೈಯ ಕೀಲು ಇಟ್ಟಿದ್ದರು. ಅವಳ ಬಾಯಿಗೆ ಅಂಗೈಯ ನರದ ಹೆಸರು ಬಂತು, ಸ್ಪಷ್ಟವಾಗಿ, ಒಂದಕ್ಷರ ತಪ್ಪದೆ. ಆದರೆ ಅದರ ಡಬ್ಬಿ ಹಿಂದಿನ ಮೇಜಿನಲ್ಲಿತ್ತು. ಅಲ್ಲಿ ಈಗ ಬೇರೊಬ್ಬ ಬಗ್ಗಿ ನೋಡುತ್ತಿದ್ದ. ಹಿಂದಕ್ಕೆ ಹೋಗುವಂತಿಲ್ಲ. ಅವಳು ಮತ್ತೆ ಹೆಗಲಿಗೆ ಹೋದಳು. ಮೊಣಕೈಯ ಹೆಸರು ಸಿಕ್ಕಾಗ ಅವಳೆದುರು ಹೆಬ್ಬೆರಳು ಇತ್ತು. ಹೀಗೇ ಸಾಲಿನ ಉದ್ದಕ್ಕೂ. ಪ್ರತಿ ಮೇಜಿನಲ್ಲೂ ಹಿಂದಿನ ಮೇಜಿನ ಉತ್ತರ ಹಿಡಿದುಕೊಂಡು ನಿಂತಳು, ಬಾಗಿಲು ಹಾಕಿದ ಮೇಲೆ ಬಂದ ನೆಂಟರಂತೆ. ಗಂಟೆ ಬಾರಿಸುವ ಜವಾನ ಅವಳ ಕಡೆ ನೋಡಿ, ಗಂಟೆಯ ನಾಲಗೆಯನ್ನು ಒಂದು ಕ್ಷಣ ಬೆರಳಲ್ಲಿ ಹಿಡಿದಂತಿತ್ತು. ಎಷ್ಟು ಹೊತ್ತು ಹಿಡಿದಾನು. ಬಾರಿಸಿದ.

ಹೊರಗೆ ಮೆಟ್ಟಿಲ ಮೇಲೆ ಏಣಿ ಕಾಯುತ್ತಿದ್ದಳು. "ಹೇಗಾಯ್ತೇ ರೇಡಿಯೋ?"

ಅವಳು ಅಂಗೈಯ ನರದ ಹೆಸರು ಹೇಳಿದಳು. ಮೊಣಕೈಯದು ಹೇಳಿದಳು. ಹೆಬ್ಬೆರಳಿನದು, ಮಣಿಕಟ್ಟಿನದು, ಸಾಲಾಗಿ ಎಲ್ಲ. ಏಣಿ ಸುಮ್ಮನೆ ಕೇಳುತ್ತ ಕೂತಳು. ಅವಳು ತಮಾಷೆ ಮಾಡದೆ ಇದ್ದದ್ದು ಅದೇ ಮೊದಲು.

ಫಲಿತಾಂಶ ಬಂದ ದಿನ ಮೇಡಂ ಕರೆಸಿದರು. ಕಪಾಟಿನ ತುಂಬ ಗಾಜಿನ ಜಾಡಿಗಳಿದ್ದ ಸಣ್ಣ ಕೋಣೆ. "ನಿನ್ನ ಬಾಯಲ್ಲಿ ಹೇಳಿಸಿ ಪರೀಕ್ಷೆ ಮಾಡೋಣ ಅಂತ ಮೇಲಿನವರನ್ನ ಕೇಳಿದೆ ಕಣಮ್ಮ. ಆಗಲ್ಲ ಅಂದ್ರು." ಕೈಲಿದ್ದ ಫಲಿತಾಂಶದ ಹಾಳೆ ಮಡಿಸಿಟ್ಟು ಹೇಳಿದರು, "ನನಗೋಸ್ಕರ ಒಂದ್ಸಲ ಹೇಳ್ತೀಯಾ? ಪೂರ್ತಿ."

ಅವಳು ಕೈಕಟ್ಟಿ ನಿಂತು ಹೇಳಿದಳು. ಭುಜದಿಂದ ಇಳಿದು, ಎರಡಾಗಿ, ಮತ್ತೆ ಒಂದಾಗಿ, ಅಂಗೈಯಲ್ಲಿ ಕಮಾನು ಕಟ್ಟಿ, ಬೆರಳತುದಿಗೆ ಮುಟ್ಟಿದಳು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದರು.

"ಒಂದು ತಪ್ಪೂ ಇಲ್ಲ," ಅಂದರು. "ಆದ್ರೂ ನಾನು ನಿನ್ನ ಕೈಗೆ ಕತ್ತಿ ಕೊಡೋಕಾಗಲ್ಲ. ಗೊತ್ತಾಗುತ್ತಲ್ವಾ?"

"ಗೊತ್ತಾಗುತ್ತೆ ಮೇಡಂ."

"ಎಲ್ಲಿ ಹಾಕಿದ್ದಾರೆ?"

"ಅಂಕಿಅಂಶ ವಿಭಾಗಕ್ಕಂತೆ."

ಮೇಡಂ ಮೇಜಿನ ಮೇಲಿದ್ದ ಕನ್ನಡಕ ಎತ್ತಿಕೊಂಡರು. ಅದರ ಗಾಜನ್ನು ಸೆರಗಿನಿಂದ ಒರೆಸತೊಡಗಿದರು.

ಮನೆಗೆ ಹೋಗುವ ಬಸ್ಸಿನಲ್ಲಿ ಅಪ್ಪನಿಗೆ ಹೇಳಬೇಕಾದ ಮಾತನ್ನು ಜೋಡಿಸಿದಳು. ಅಪ್ಪ, ನಾನು ಪಾಸಾಗಲಿಲ್ಲ. ಇಷ್ಟೇ. ರಾಗವಿಲ್ಲದ, ಹಿಂದಿಲ್ಲದ ಮುಂದಿಲ್ಲದ ಒಂದು ಮಾತು. ಬಾಗಿಲಲ್ಲೇ ಹೇಳಿಬಿಡಬೇಕು.

ಬಾಗಿಲಿಗೆ ಬಂದಾಗ ಅಪ್ಪ ಯಂತ್ರ ನಿಲ್ಲಿಸಿ ಎದ್ದೇ ಬಿಟ್ಟ. "ನೀನು ಬರೋದನ್ನೇ ಕಾಯ್ತಾ ಇದ್ದೆ. ಕೂತ್ಕೋ ಕೂತ್ಕೋ. ಮುಂದಿನ ವರ್ಷ ಕಾಲು ಇರುತ್ತೆ ತಾನೆ? ಮೂಲೆ ಔಷಧಿ ಅಂಗಡಿಯವರ ಹತ್ರ ಹಳೇ ಪುಸ್ತಕ ಒಂದಿತ್ತು. ದಿನಾ ಸಂಜೆ ಹೋಗಿ ಒಂದೊಂದೇ ಹೆಸರು ಓದಿಸಿಕೊಂಡು ಬಂದೆ. ಅವರ ಹೆಂಡತಿ ನನ್ನ ಕಂಡ್ರೆ ಈಗ ಬಾಗಿಲು ಹಾಕ್ತಾರೆ."

"ಅಪ್ಪ..."

"ಇರು, ಮಾತಾಡಿಸಬೇಡ, ತಪ್ಪಿಹೋಗುತ್ತೆ." ಅಪ್ಪ ಮತ್ತೆ ಕೂತು, ಕೈಮುಗಿದು, ಯಂತ್ರಕ್ಕೆ ಬಟ್ಟೆ ಇಲ್ಲದಿದ್ದರೂ ತುಳಿಯತೊಡಗಿದ. ಕಣ್ಣು ಮುಚ್ಚಿ ಸೊಂಟದ ಮೂಳೆಯಿಂದ ಶುರುಮಾಡಿದ.

ಚೆನ್ನಾಗಿತ್ತು. ತೋಳಿಗಿಂತ ಚೆನ್ನಾಗಿತ್ತು. ಪರದೇಶದ ಹೆಸರುಗಳು ಅಪ್ಪನ ಬಾಯಲ್ಲಿ ಮೆತ್ತಗಾಗಿ, ಮನೆಯವೇ ಆಗಿ ಬರುತ್ತಿದ್ದವು. ಮೊದಲ ಪದ್ಯ ಮುಗಿದಾಗ ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅದರ ಕೊನೆಯ ಮಾತೇ ಎರಡನೆಯದಾಗಿ ಹೊರಟಿತ್ತು. ನಡುವೆ ಬೆರಳು ತೂರಿಸುವಷ್ಟೂ ಸಂದಿಯಿರಲಿಲ್ಲ.

ಅಮ್ಮ ನೀರು ತಂದವಳು ಬಾಗಿಲಲ್ಲಿ ನಿಂತಳು. ಮಗಳ ಮುಖ ನೋಡಿದಳು. ಕೇಳುವುದೇನೂ ಉಳಿದಿರಲಿಲ್ಲ. ಲೋಟವನ್ನು ಸದ್ದಾಗದಂತೆ ಮಗಳ ಪಕ್ಕಕ್ಕಿಟ್ಟು, ಅವಳೂ ನೆಲದ ಮೇಲೆ ಕೂತಳು.

ಅಪ್ಪ ತಲೆದೂಗುತ್ತ ಹೇಳುತ್ತಿದ್ದ. ಅವನಿನ್ನೂ ಮೊಣಕಾಲಿಗೆ ಬಂದಿರಲಿಲ್ಲ.