ಹೊಸಬರ ಮೈ

ಕರಾಟೆ ಕಲಿಯುವವರು ಕಂಡಕಂಡವರನ್ನೆಲ್ಲ ಕರಾಟೆಗೆ ಕರೆಯುವುದೇಕೆ ಎಂಬುದು ಲಾಂಡ್ರಿ ಮನೆಯ ದೊಡ್ಡ ಸೊಸೆಗೆ ಮೊದಲ ದಿನವೇ ಗೊತ್ತಾಯಿತು. ಗೊತ್ತಾಗುವ ಹೊತ್ತಿಗೆ ಅವಳು ಚಾಪೆಯ ಮೇಲೆ ಅಂಗಾತ ಬಿದ್ದಿದ್ದಳು.

ಅವಳನ್ನು ಕರೆತಂದವಳು ಎದುರಿನ ಔಷಧಿ ಅಂಗಡಿಯಾಕೆ. ಇಸ್ತ್ರಿ ಬಟ್ಟೆ ಒಯ್ಯಲು ಬಂದಾಗಲೆಲ್ಲ ಆಕೆಯದು ಒಂದೇ ರಾಗ. "ಸೊಂಟನೋವು ಮಾಯ ಆಗುತ್ತೆ ಕಣ್ರೀ. ಧೈರ್ಯ ಬರುತ್ತೆ, ನಿದ್ದೆ ಬರುತ್ತೆ. ನಿಮ್ಮಂಥವರು ಬಂದಿಲ್ಲ ಅಂದ್ರೆ ನನಗೇ ಬೇಜಾರು." ಅಷ್ಟೊಂದು ಅಕ್ಕರೆಯನ್ನು ದೊಡ್ಡ ಸೊಸೆಗೆ ಅದುವರೆಗೆ ಯಾರೂ ತೋರಿಸಿರಲಿಲ್ಲ. ಕರಗಿಹೋದಳು.

ತರಗತಿ ನಡೆಯುತ್ತಿದ್ದದ್ದು ಟೈರ್ ಅಂಗಡಿಯ ಮಹಡಿಯಲ್ಲಿ. ಮೆಟ್ಟಿಲಿನಿಂದಲೇ ರಬ್ಬರ್ ವಾಸನೆ. ಮಾಸ್ಟರು ಮೆತ್ತಗಿನ ಮಾತಿನ ಮನುಷ್ಯ. ಯಾವ ಪಟ್ಟು ಹೇಳಿಕೊಡಬೇಕಾದರೂ ಸಾಲಿನ ತುದಿಯವರನ್ನು, ಅಂದರೆ ಎಲ್ಲರಿಗಿಂತ ಕೊನೆಗೆ ಸೇರಿದವರನ್ನು, ಮುಂದಕ್ಕೆ ಕರೆದು ಅವರ ಮೇಲೆಯೇ ಮಾಡಿ ತೋರಿಸುತ್ತಿದ್ದರು. "ಹಳಬರಿಗೆ ಮುಂದೇನು ಬರುತ್ತೆ ಅಂತ ಗೊತ್ತು, ನಾಜೂಕಾಗಿ ಬಿದ್ದುಬಿಡ್ತಾರೆ. ಹೊಸಬರ ಮೈ ಸುಳ್ಳು ಹೇಳಲ್ಲ" ಎನ್ನುತ್ತಿದ್ದರು. ಇನ್ನೊಬ್ಬ ಹೊಸಬರು ಬರುವವರೆಗೆ ಆ ಜಾಗದಿಂದ ಬಿಡುಗಡೆಯಿಲ್ಲ. ಔಷಧಿ ಅಂಗಡಿಯಾಕೆ ಅಂದು ಹಿಂದಿನ ಸಾಲಿನಲ್ಲಿ ನಿಂತು, ಹೆಣಭಾರ ಇಳಿಸಿದವಳ ಮುಖ ಹೊತ್ತು, ಖುಷಿಯಾಗಿ ಗಾಳಿಗೆ ಗುದ್ದುತ್ತ ಕೈ ಬೀಸುತ್ತಿದ್ದಳು.

ಬಿಟ್ಟುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬಿಡುವುದು ಹೇಗೆ? ಹಳದಿ ಬೆಲ್ಟು ತಂದೇ ತರುತ್ತೇನೆಂದು ಮನೆಯಲ್ಲಿ ಡಂಗುರ ಸಾರಿ ಆಗಿತ್ತು. ಅತ್ತೆ ಅದನ್ನು ಬಟ್ಟೆ ಕೊಡಲು ಬಂದ ಗಿರಾಕಿಗಳಿಗೆಲ್ಲ ಹೇಳಿ, "ನೋಡೋಣ, ತರಲಿ" ಎಂದು ನಗುತ್ತಿದ್ದರು. ಹುಟ್ಟಿದಾಗಿನಿಂದ ಯಾವುದರಲ್ಲೂ ಸೈ ಅನ್ನಿಸಿಕೊಳ್ಳದ ಹೆಂಗಸಿಗೆ ಆ ಬೆಲ್ಟು ಬೇಕೇ ಬೇಕಾಗಿತ್ತು. ತೊಂದರೆಯೆಂದರೆ, ದಿನವೂ ಬೀಳುವವಳಿಗೆ ಬೀಳುವುದು ಬಿಟ್ಟು ಇನ್ನೇನೂ ಬರುವುದಿಲ್ಲ. ಉಳಿದವರು ಅಭ್ಯಾಸ ಮಾಡುವಾಗ ಅವಳು ಮೊಣಕೈ ಉಜ್ಜಿಕೊಳ್ಳುತ್ತ ಕೂತಿರುತ್ತಿದ್ದಳು. ತನ್ನ ಜಾಗಕ್ಕೆ ಯಾರಾದರೂ ಬೇಕು.

ಕರೆದವರೆಲ್ಲರೂ ನುಣುಚಿಕೊಂಡರು. ಉಳಿದವಳು ವಾರಗಿತ್ತಿ, ಆ ಮನೆಯ ಚಿಕ್ಕ ಸೊಸೆ. ದೊಡ್ಡ ಸೊಸೆಯನ್ನು ಅಕ್ಕ ಎಂದೇ ಕರೆದು, ಅಕ್ಕ ಹಾಕಿದ ಗೆರೆ ದಾಟದವಳು. ಹಿಂದೊಮ್ಮೆ ಒದ್ದೆ ರಗ್ಗನ್ನು ಯಂತ್ರದಿಂದ ಎಳೆಯುವಾಗ ಅವಳ ಎಡಭುಜ ಕೀಲು ತಪ್ಪಿತ್ತು. ಆಸ್ಪತ್ರೆಗೆ ಕರೆದೊಯ್ದಿದ್ದು ದೊಡ್ಡ ಸೊಸೆಯೇ. ಒಮ್ಮೆ ತಪ್ಪಿದ ಕೀಲು ಮತ್ತೆ ಸುಲಭವಾಗಿ ತಪ್ಪುತ್ತದೆ, ಜೋಪಾನ ಎಂದು ಡಾಕ್ಟರು ಹೇಳಿದ್ದು ಇವಳ ಕಿವಿಗೇ.

"ಸೊಂಟನೋವು ಮಾಯ ಆಗುತ್ತೆ ಕಣೇ. ಧೈರ್ಯ ಬರುತ್ತೆ, ನಿದ್ದೆ ಬರುತ್ತೆ."

"ನನ್ನ ಭುಜ, ಅಕ್ಕಾ?"

"ಮಾಸ್ಟರಿಗೆ ನಾನೇ ಹೇಳ್ತೀನಿ ಬಿಡು."

ಹೇಳಲಿಲ್ಲ. ಹೇಳಿದರೆ ಮಾಸ್ಟರು ಅವಳನ್ನು ಮುಂದಕ್ಕೆ ಕರೆಯುತ್ತಿರಲಿಲ್ಲ, ಮತ್ತೆ ಇವಳೇ ಬೀಳಬೇಕಿತ್ತು. ಪಾಪ ಅನ್ನಿಸಿತು, ಅದು ಸುಳ್ಳಲ್ಲ. ಆದರೆ ಹಿಂದಿನ ಸಾಲಿನಲ್ಲಿ ನಿಂತು ಮೊದಲ ಸಲ ಕೈ ಬೀಸಿದಾಗ ಆದ ಸುಖದ ಮುಂದೆ ಆ ಪಾಪ ಎಷ್ಟರದ್ದು? ಚಿಕ್ಕ ಸೊಸೆ ಬಿದ್ದಳು, ಎದ್ದಳು, ಅಕ್ಕನ ಕಡೆ ನೋಡಿ ನಕ್ಕಳು. ಹೇಗೋ ಎಲ್ಲ ಪಟ್ಟುಗಳೂ ಬಲಗೈ ಮೇಲೆಯೇ ಸಾಗುತ್ತಿದ್ದವು. ದೊಡ್ಡ ಸೊಸೆ ಪಟ್ಟುಗಳನ್ನು ಒಂದೊಂದಾಗಿ ಕಲಿತಳು.

ಪರೀಕ್ಷೆಯೂ ಹೊಸಬರ ಮೇಲೆಯೇ. ತೋಳು ತಿರುಚಿ ಹಿಡಿಯಬೇಕು, ಮಾಸ್ಟರು ಸಾಕು ಅನ್ನುವವರೆಗೆ ಸಡಿಲಿಸಬಾರದು. ತಡೆಯಲಾರದವರು ಚಾಪೆಯನ್ನು ಎರಡು ಸಲ ತಟ್ಟಿದರೆ ಬಿಟ್ಟುಬಿಡಬೇಕು, ಆದರೆ ಹಾಗೆ ಬಿಟ್ಟರೆ ಪರೀಕ್ಷೆ ಇನ್ನೊಂದು ದಿನಕ್ಕೆ.

"ಎಡಗೈ" ಎಂದರು ಮಾಸ್ಟರು.

ಚಿಕ್ಕ ಸೊಸೆ ತಲೆಯೆತ್ತಿ ನೋಡಿದಳು. ಅಕ್ಕ ಈಗ ಹೇಳುತ್ತಾಳೆ ಎಂದು ಅವಳ ಮುಖದಲ್ಲಿ ಬರೆದಿತ್ತು. ಅಕ್ಕ ಎಡತೋಳನ್ನೇ ತಿರುಚಿ ಹಿಡಿದಳು. ಮಾಸ್ಟರು ಅಕ್ಕನ ಪಾದಗಳ ನಿಲುವು ನೋಡಲು ಆ ಬದಿಗೆ ಬಂದು ಬಗ್ಗಿದರು. ಈ ಬದಿಯಲ್ಲಿ ಚಾಪೆಯ ಮೇಲೆ ಒಂದು ಅಂಗೈ ಮೆತ್ತಗೆ ಎರಡು ಸಲ ತಟ್ಟಿತು. ಆಮೇಲೆ ಇನ್ನೆರಡು ಸಲ. ಅದನ್ನು ಕೇಳಿದವಳು ಅಕ್ಕ ಒಬ್ಬಳೇ. ಇನ್ನೊಂದು ಉಸಿರು, ಇನ್ನೊಂದೇ ಉಸಿರು ಎಂದುಕೊಂಡು ಬಿಗಿಯಾಗಿ ಹಿಡಿದೇ ಇದ್ದಳು. ಭುಜ ಲಟಕ್ಕೆಂದಿತು.

"ಸಾಕು" ಎಂದರು ಮಾಸ್ಟರು, ತಡವಾಗಿ.

ಹಳದಿ ಬೆಲ್ಟು ಬಂತು. ಚಿಕ್ಕ ಸೊಸೆಯ ತೋಳು ಜೋಳಿಗೆಯಂಥ ಪಟ್ಟಿಯಲ್ಲಿ ಕುತ್ತಿಗೆಗೆ ನೇತುಬಿತ್ತು. ಮನೆಯಲ್ಲಿ ಎಲ್ಲರೂ ಸುತ್ತುಗಟ್ಟಿದಾಗ ಅವಳು, "ನಾನೇ ಸರಿಯಾಗಿ ಬೀಳಲಿಲ್ಲ" ಎಂದಳು, ಅಷ್ಟೇ. ದೊಡ್ಡ ಸೊಸೆಗೆ ಹೋದ ಜೀವ ಬಂದಂತಾಯಿತು. ಅವಳ ತಲೆ ಬಾಚಿದಳು, ಅನ್ನ ಕಲಸಿ ಕೊಟ್ಟಳು, ಅವಳ ಪಾಲಿನ ಇಸ್ತ್ರಿಯನ್ನೂ ತಾನೇ ಮಾಡಿದಳು. ಇಷ್ಟರಲ್ಲೇ ಎಲ್ಲ ತೀರಿತು ಎಂದುಕೊಂಡಳು, ಮಂಕು.

ಹಳದಿ ಬೆಲ್ಟು ಬಿಗಿದು ಮಹಡಿ ಹತ್ತಿದ ದಿನ ಮಾಸ್ಟರು ಸಾಲನ್ನು ನೋಡಿ, "ನಿಮ್ಮ ವಾರಗಿತ್ತಿ ಇನ್ನು ಬರೋ ಹಾಗಿಲ್ಲ. ಹೊಸಬರು ಸಿಗೋವರೆಗೆ ನೀವೇ ಬನ್ನಿ ಮುಂದಕ್ಕೆ" ಎಂದರು. ಔಷಧಿ ಅಂಗಡಿಯಾಕೆ ಬೇರೆ ಕಡೆ ನೋಡಿದಳು.

ಕುಂಟುತ್ತ ಮನೆಗೆ ಬಂದರೆ ಒಳಕೋಣೆಯಲ್ಲಿ ನಗು. ಕಾಲೇಜಿಗೆ ಹೋಗುವ ಅವಳ ಒಬ್ಬಳೇ ಮಗಳು ಚಿಕ್ಕಮ್ಮನ ಬಿಳಿ ಕರಾಟೆ ಉಡುಪು ತೊಟ್ಟು ಕನ್ನಡಿ ಮುಂದೆ ನಿಂತಿದ್ದಳು. ಮಂಚದ ಮೇಲೆ ಕೂತ ಚಿಕ್ಕ ಸೊಸೆ ನಿಧಾನವಾಗಿ ಹೇಳುತ್ತಿದ್ದಳು: "ಧೈರ್ಯ ಬರುತ್ತೆ ಪುಟ್ಟಾ. ನಿದ್ದೆ ಬರುತ್ತೆ. ನಿನ್ನಂಥವಳು ಹೋಗದೆ ಇನ್ಯಾರು ಹೋಗ್ತಾರೆ?"

ದೊಡ್ಡ ಸೊಸೆ ಒಳನುಗ್ಗಿದಳು. "ಅವಳಿಗ್ಯಾಕೆ? ಓದೋದು ಬೇಕಾದಷ್ಟಿದೆ" ಎಂದಳು.

ಬಾಗಿಲಲ್ಲಿ ನಿಂತಿದ್ದ ಅತ್ತೆ ಬಿಡಲಿಲ್ಲ. "ಅಷ್ಟು ಬಾಯಿ ತುಂಬ ಹೊಗಳ್ತಿದ್ದೆಯಲ್ಲೇ! ಇವಳನ್ನ ಎಳ್ಕೊಂಡು ಹೋದವಳು ನೀನೇ. ಮಗಳಿಗೆ ಮಾತ್ರ ಯಾಕೆ ಬೇಡ? ಏನು ಕಾರಣ, ಹೇಳು."

ಕಾರಣ ನಾಲಗೆಯ ತುದಿಯವರೆಗೆ ಬಂತು. ಚಿಕ್ಕ ಸೊಸೆ ಕಣ್ಣು ಕೀಳದೆ ಅವಳನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಸಿಟ್ಟೂ ಇರಲಿಲ್ಲ.

"ಅಮ್ಮಾ, ನೋವಾದ್ರೆ ಚಾಪೆ ತಟ್ಟಬೇಕಂತೆ. ತಟ್ಟಿದ್ರೆ ಬಿಡ್ತಾರಾ?" ಎಂದು ಮಗಳು ಕೇಳಿದಳು.

"ನನ್ನನ್ನೂ ಕೇಳಿದೆಯಲ್ಲ ಪುಟ್ಟಾ, ಗೊತ್ತಿಲ್ಲ ಅಂದೆ. ನಿಮ್ಮಮ್ಮಂಗೆ ಗೊತ್ತು" ಎಂದಳು ಚಿಕ್ಕ ಸೊಸೆ.

ಅತ್ತೆ ಕಾದಿದ್ದರು. ಮಗಳು ಕಾದಿದ್ದಳು. ಹಳದಿ ಬೆಲ್ಟು ಇನ್ನೂ ಸೊಂಟದಲ್ಲೇ ಇತ್ತು.

"ಬಿಡ್ತಾರೆ" ಎಂದಳು ದೊಡ್ಡ ಸೊಸೆ.

ಚಿಕ್ಕ ಸೊಸೆ ಮಂಚದಿಂದ ತನ್ನ ಬಿಳಿ ಬೆಲ್ಟನ್ನು ಎತ್ತಿಕೊಟ್ಟಳು. "ಒಂದು ಕೈಯಲ್ಲಿ ನನಗೆ ಗಂಟು ಹಾಕೋಕಾಗಲ್ಲ. ಬಾ ಅಕ್ಕಾ, ನೀನೇ ಕಟ್ಟು."

ದೊಡ್ಡ ಸೊಸೆ ಮಗಳ ಮುಂದೆ ಮಂಡಿಯೂರಿ ಬೆಲ್ಟು ಕಟ್ಟಿದಳು.