ಅರಕೇರಾಕ್ಕಿಂತ ಹತ್ತಿರದ ದುಬೈ

ನನ್ನಣ್ಣ ಸತ್ತಾರ್ ಸಾಬ್‌ಗೆ ಮಾನ್ವಿ ಪೇಟೆಯಲ್ಲಿ ಬಟ್ಟೆ ಅಂಗಡಿ ಇದೆ. ತಲೆಯಲ್ಲಿ ಬುದ್ಧಿ ಇದೆಯೋ ಇಲ್ಲವೋ ಆ ಅಲ್ಲಾನಿಗೇ ಗೊತ್ತು. ಅವನಿಗೆ ಒಬ್ಬಳೇ ಮಗಳು, ನಿಗಾರ್. ಅವಳ ಮದುವೆಗೆ ಅಣ್ಣನ ಹೆಂಡತಿ ವಾಹಿದಾ ಭಾಬಿ ಹಾಕಿದ್ದು ಒಂದೇ ಷರತ್ತು: ಬೆಳಿಗ್ಗೆ ಫೋನ್ ಮಾಡಿದರೆ ಮಗಳು ಸಂಜೆಯೊಳಗೆ ಮನೆಯಲ್ಲಿರಬೇಕು. ತಾನು ಹೆತ್ತಾಗ ತಾಯಿ ಪಕ್ಕದಲ್ಲಿರಲಿಲ್ಲ ಎಂಬ ಸಂಕಟ ಭಾಬಿಗೆ ಇನ್ನೂ ಹೋಗಿಲ್ಲ.

ಅರಕೇರಾದ ಮಾಸ್ತರ ಹುಡುಗ ಒಳ್ಳೆಯವನಿದ್ದ. ಅಣ್ಣ ಒಪ್ಪಲಿಲ್ಲ.

"ದೇವದುರ್ಗದಾಗ ಬಸ್ ಬದಲಿ ಮಾಡಬೇಕು. ಮೂರು ತಾಸು! ಮಗಳನ್ನ ಯಾವ ಮೂಲಿಗೆ ಒಗದಂಗಾತು?"

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಸಂಬಂಧ ಕುದುರಿಸುವ ಕಲೀಮುಲ್ಲಾ ಒಂದೂ ಸುಳ್ಳು ಹೇಳಲಿಲ್ಲ. ದುಬೈ ವರನ ಫೋಟೋದ ಜೊತೆ ಮೊಬೈಲಿನಲ್ಲಿ ವಿಮಾನದ ಟಿಕೆಟ್ಟನ್ನೂ ತೋರಿಸಿದ. ಹೈದರಾಬಾದ್ ಬಿಡುವುದು ಹತ್ತಕ್ಕೆ, ದುಬೈ ಮುಟ್ಟುವುದು ಹನ್ನೆರಡೂವರೆಗೆ.

"ಎರಡೂವರಿ ತಾಸು!" ಅಣ್ಣ ತೊಡೆ ತಟ್ಟಿದ. "ಅರಕೇರಾಕ್ಕಿಂತ ಹತ್ತರ ಅದ ನೋಡು!"

"ಹೈದರಾಬಾದಿಗೆ ಹೋಗೋದು ಲೆಕ್ಕಕ್ಕಿಲ್ಲೇನು?" ಎಂದೆ ನಾನು.

"ಹೈದರಾಬಾದ್ ಅಂದ್ರ ನಮ್ಮೂರು ಇದ್ದಂಗ. ನೀ ಸುಮ್ನಿರು, ಸೂಫಿಯಾ."

ಮದುವೆ ಆಯಿತು. ಬಿರಿಯಾನಿ ಮಾತ್ರ ಚೆನ್ನಾಗಿತ್ತು, ಇಲ್ಲ ಅನ್ನಬಾರದು.

ವರ್ಷದೊಳಗೆ ನಿಗಾರ್ ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಅದು ನಮ್ಮಲ್ಲಿ ಕೇಳುವ ಮಾತೇ ಅಲ್ಲ. ಭಾಬಿ ಬಾಣಂತಿ ಕೋಣೆಗೆ ಸುಣ್ಣ ಬಳಿಸಿದಳು, ಹಳೇ ಸೀರೆಗಳಿಂದ ಕೂಸಿಗೆ ಕೌದಿ ಹೊಲಿದಳು. ಏಳನೇ ತಿಂಗಳು ಬಿದ್ದಾಗ ಬಂದದ್ದು ಮಗಳಲ್ಲ, ಬೀಗರ ಮಾತು ಹೊತ್ತ ಕಲೀಮುಲ್ಲಾ.

"ಬಸುರಿನ ಕಳಸಂಗಿಲ್ಲ ಅಂತಾರ್ರೀ. ಅಲ್ಲಿ ರಾತ್ರಿ ಹತ್ತಕ್ಕ ಬಿಟ್ರ ಇಲ್ಲಿ ಮೂರೂವರಿಗೆ ಮುಟ್ಟತದ. ಐದೂವರಿ ತಾಸು ಆ ಹುಡುಗಿ ಹ್ಯಾಂಗ ಕೂಡಬೇಕ್ರಿ? ಬೇಕಾದ್ರ ನೀವ ಹೋಗ್ರಿ ಭಾಬಿ. ಹೋಗಾಕ ಎರಡೂವರಿ ತಾಸ ಅಲ್ಲೇನ್ರಿ?"

ಎಷ್ಟು ಸೊಗಸಾಗಿ ಹೇಳಿದ ನೋಡಿ, ಬಾಯಿಗೆ ಮಣ್ಣು ಹಾಕ! ರಾಯಚೂರು ದಾಟದ ಭಾಬಿಗೆ ಪಾಸ್‌ಪೋರ್ಟ್ ಎಲ್ಲಿಂದ ಬರಬೇಕು?

"ಹೋಗಾಕ ಎರಡೂವರಿ, ಬರಾಕ ಐದೂವರಿ," ಎಂದಳು ಭಾಬಿ ನಿಧಾನವಾಗಿ. "ತವರಿಗೆ ಬರಾಗ ದಾರಿ ಹ್ಯಾಂಗ ಉದ್ದ ಆತ್ರಿ?"

ಕಲೀಮುಲ್ಲಾ ನಕ್ಕ. "ದಾರಿ ಅಷ್ಟ ಅದರೀ. ಎರಡೂ ಕಡಿಗೂ ನಾಲ್ಕು ತಾಸು. ಅವರ ಗಡಿಯಾರ ನಮ್ಮದಕ್ಕಿಂತ ಒಂದೂವರಿ ತಾಸು ಹಿಂದ. ಅದಕ್ಕ ಹಂಗ ಕಾಣತದ."

"ಹಂಗಾದ್ರ ನಾಲ್ಕ ತಾಸಲ್ಲೇನ್ರಿ? ಕಳಸ್ರಿ ಅಂತ ಹೇಳ್ರಿ ಅವರಿಗೆ."

"ಅದು ನನ್ನ ಕೈಯಾಗಿಲ್ರಿ."

ಭಾಬಿ ಅಣ್ಣನ ಕಡೆ ತಿರುಗಿದಳು. "ಕೇಳಿದ್ರೇನ್ರಿ? ಗಡಿಯಾರಾನೂ ಗಂಡಿನ ಕಡೇದಂತ."

ಅಣ್ಣ ನಗಲು ನೋಡಿದ. ಭಾಬಿ ಅಷ್ಟರಲ್ಲೇ ಅಳುತ್ತಿದ್ದಳು.